ತಾರಸಿಯ ಮೇಲೊಂದು ಮಾಡು

ನಮ್ಮೂರಲ್ಲಿ ಮನೆ ಕಟ್ಟುವುದು ಎರಡು ಸಲ. ಮೊದಲ ಸಲ ಇಂಜಿನಿಯರ್ ಕಟ್ಟುತ್ತಾರೆ. ನಾಲ್ಕೈದು ಮಳೆಗಾಲ ಕಳೆಯುವಷ್ಟರಲ್ಲಿ ವೆಲ್ಡಿಂಗಿನವರು ಬಂದು ಇನ್ನೊಂದು ಸಲ ಕಟ್ಟುತ್ತಾರೆ.

ನಂಬಿಕೆ ಬಾರದಿದ್ದರೆ ಮಂಗಳೂರಿನಿಂದ ಉಡುಪಿಗೆ ಹೋಗುವ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಹಿಡಿಯಿರಿ. ಸುರತ್ಕಲ್, ಮೂಲ್ಕಿ, ಪಡುಬಿದ್ರಿ, ಕಾಪು, ಕಟಪಾಡಿ ದಾಟುವಷ್ಟರಲ್ಲಿ ಎಷ್ಟು ತಾರಸಿ ಮನೆಗಳು ತಲೆಯ ಮೇಲೆ ಶೀಟು ಹೊದ್ದುಕೊಂಡಿವೆ ಎಂದು ಎಣಿಸುತ್ತಾ ಹೋಗಿ. ಎಣಿಕೆ ಬೇಗ ಸುಸ್ತಾಗುತ್ತದೆ. ಕಬ್ಬಿಣದ ಕಂಬ, ಅದರ ಮೇಲೆ ಇಳಿಜಾರು ಚೌಕಟ್ಟು, ಅದರ ಮೇಲೆ ಕೆಂಪೋ ನೀಲಿಯೋ ಬಣ್ಣದ ತಗಡು. ಈ ಮಾಡು, ಅಂದರೆ ಸೂರು, ಮನೆಯ ಪ್ಲ್ಯಾನಿನಲ್ಲಿ ಇರುವುದಿಲ್ಲ, ಲೈಸೆನ್ಸಿಗೆ ಕೊಟ್ಟ ನಕ್ಷೆಯಲ್ಲಿ ಇರುವುದಿಲ್ಲ. ಇಂಜಿನಿಯರ್ ಮೊದಲೇ ತೋರಿಸಿದ ತ್ರೀಡಿ ಚಿತ್ರದಲ್ಲಂತೂ ಇರುವುದೇ ಇಲ್ಲ. ಅಲ್ಲಿ ಆಕಾಶ ಯಾವಾಗಲೂ ನೀಲಿ, ಮನೆಯ ಮುಂದೆ ಯಾವಾಗಲೂ ಒಂದು ಬಿಳಿ ಕಾರು.

ಕರಾವಳಿಯ ಊರುಗಳು ಹೇಗಿರಬೇಕು ಎಂಬ ಮಾತು ಬಂದಾಗಲೆಲ್ಲ ನಾವು ಮಾಸ್ಟರ್ ಪ್ಲ್ಯಾನ್, ಫ್ಲೈಓವರ್, ಸ್ಮಾರ್ಟ್ ಸಿಟಿ ಎಂದು ದೊಡ್ಡ ತುದಿಯಿಂದ ಶುರು ಮಾಡುತ್ತೇವೆ. ನನಗೆ ಸಣ್ಣ ತುದಿಯಲ್ಲಿ ಆಸಕ್ತಿ. ಕಟ್ಟಿಸಿಕೊಂಡವರು ಕಟ್ಟಿಕೊಟ್ಟದ್ದನ್ನು ಆಮೇಲೆ ಎಲ್ಲೆಲ್ಲಿ ತಿದ್ದಿದ್ದಾರೋ ಅಲ್ಲೆಲ್ಲ ವಾಸ್ತುಶಿಲ್ಪಿಗೆ ಒಂದು ಪಾಠವಿದೆ, ಊರಿನ ಯೋಜನೆ ಮಾಡುವವರಿಗೂ ಇದೆ. ತಾರಸಿ ಮೇಲಿನ ಶೀಟು ಅಂಥ ತಿದ್ದುಪಡಿಗಳಲ್ಲೆಲ್ಲ ಎದ್ದು ಕಾಣುವಂಥದ್ದು.

ಕಟಪಾಡಿ ಒಳಗಿನ ನನ್ನ ದೊಡ್ಡಮ್ಮನ ಮನೆಗೆ ಕಳೆದ ಏಪ್ರಿಲಿನಲ್ಲಿ ಶೀಟು ಹಾಕಿಸಿದರು. ಹದಿನೆಂಟು ವರ್ಷದ ಹಿಂದೆ ಹಂಚಿನ ಮನೆ ಕೆಡವಿ ಕಟ್ಟಿಸಿದ ತಾರಸಿ ಮನೆ ಅದು. ದೊಡ್ಡಪ್ಪ ಮುಂಬಯಿಯ ಕ್ಯಾಂಟೀನಿನಲ್ಲಿ ದುಡಿದ ದುಡ್ಡು. ಮೂರು ಸಲ ವಾಟರ್‌ಪ್ರೂಫಿಂಗ್ ಆಗಿತ್ತು. ಒಂದು ಸಲ ಡಾಂಬರಿನ ಹಾಳೆ, ಎರಡು ಸಲ ಬಿಳಿ ಕೆಮಿಕಲ್. ಪ್ರತಿ ಜುಲೈಯಲ್ಲಿ ದೇವರ ಕೋಣೆಯ ಮೂಲೆಯಲ್ಲಿ ಅದೇ ಹಳದಿ ಕಲೆ. ವೆಲ್ಡಿಂಗಿನ ಹುಡುಗ ಬಂದವನು ಟೇಪು ಬಿಚ್ಚುವ ಮೊದಲು ಕೇಳಿದ್ದು, "ಅಮ್ಮ, ಗಾಳಿಮಳೆ ಯಾವ ಕಡೆಯಿಂದ ಹೊಡೀತದೆ? ಬಟ್ಟೆ ಎಲ್ಲಿ ಒಣ ಹಾಕ್ತೀರಿ? ಮೇಲೆ ಏನಾದ್ರೂ ಫಂಕ್ಷನ್ ಮಾಡ್ಲಿಕ್ಕುಂಟಾ?" ದೊಡ್ಡಮ್ಮ ಎಲ್ಲದಕ್ಕೂ ಉತ್ತರ ಕೊಟ್ಟು, ಅವನು ಕೆಳಗಿಳಿದ ಮೇಲೆ ನನ್ನ ಹತ್ತಿರ ಅಂದರು, "ನೋಡು, ಇಷ್ಟು ವರ್ಷದಲ್ಲಿ ನನ್ನನ್ನು ಇದನ್ನೆಲ್ಲ ಕೇಳಿದವ ಇವನೊಬ್ಬನೇ."

ಆ ಮೂರು ಪ್ರಶ್ನೆಗಳಿಗೆ ತಾರಸಿಯ ಹತ್ತಿರ ಉತ್ತರವಿರಲಿಲ್ಲ. ಮಂಗಳೂರು, ಉಡುಪಿಯ ಕಡೆ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ತನಕದ ನಾಲ್ಕು ತಿಂಗಳಲ್ಲಿ. ಚಪ್ಪಟೆ ಸ್ಲ್ಯಾಬು ಈ ನೀರನ್ನು ಹೊರಹಾಕುವ ಮೊದಲು ಸ್ವಲ್ಪ ಹೊತ್ತು ಇಟ್ಟುಕೊಳ್ಳುತ್ತದೆ, ಅಲ್ಲೇ ಎಡವಟ್ಟು. ಬೇಸಿಗೆಯ ಬಿಸಿಲಿಗೆ ಹಿಗ್ಗಿ ರಾತ್ರಿ ಕುಗ್ಗಿ ಬಿಟ್ಟ ಕೂದಲೆಳೆ ಬಿರುಕಿನಲ್ಲಿ ನೀರು ಇಳಿಯುತ್ತದೆ, ಉಪ್ಪುಗಾಳಿಯ ಊರಲ್ಲಿ ಒಳಗಿನ ಸರಳು ಬೇಗ ತುಕ್ಕು ಹಿಡಿಯುತ್ತದೆ, ತುಕ್ಕು ಹಿಡಿದ ಸರಳು ಉಬ್ಬಿ ಕಾಂಕ್ರೀಟನ್ನು ಒಡೆಯುತ್ತದೆ. ಇದು ಮೇಲಿನಿಂದ ಬರುವ ಮಳೆಯ ಕತೆಯಾಯಿತು. ಪಡುವಣ ಗಾಳಿಗೆ ಓರೆಯಾಗಿ ಬರುವ ಎರಚಲು ಗೋಡೆಯನ್ನೇ ಹಿಡಿಯುತ್ತದೆ. ಹಳೆ ಹಂಚಿನ ಮಾಡು ಗೋಡೆಯಿಂದ ಎರಡು ಮೂರು ಅಡಿ ಹೊರಗೆ ಚಾಚಿಕೊಂಡಿರುತ್ತಿತ್ತು. ಅದೂ ಸಾಲದೆ ಮಳೆಗಾಲಕ್ಕೆ ಮುಂಚೆ ಹೆಣೆದ ತೆಂಗಿನ ಮಡಲಿನ ತಟ್ಟಿ ಕಟ್ಟುತ್ತಿದ್ದರು. ತಾರಸಿ ಮನೆಗೆ ಕಿಟಕಿಯ ಮೇಲೆ ಒಂದೂವರೆ ಅಡಿಯ ಸಜ್ಜಾ ಬಿಟ್ಟರೆ ಬೇರೆ ಕೊಡೆಯಿಲ್ಲ.

ಶೀಟು ಬಂದ ಮೇಲೆ ಸೋರಿಕೆ ನಿಲ್ಲುವುದು ಸರಿ. ಅದಕ್ಕಿಂತ ಸ್ವಾರಸ್ಯ, ಮನೆಗೊಂದು ಹೊಸ ಕೋಣೆ ಸೇರುವುದು. ಅದಕ್ಕೆ ಹೆಸರಿಲ್ಲ, ಜನ 'ಶೀಟಿನ ಅಡಿ' ಅನ್ನುತ್ತಾರೆ, ಇಲ್ಲವೇ ಸುಮ್ಮನೆ 'ಮೇಲೆ'. ನಾಲ್ಕು ಕಡೆ ತೆರೆದದ್ದು, ಮೇಲೆ ಮಾತ್ರ ಮುಚ್ಚಿದ್ದು. ಅಲ್ಲಿ ಅಡಿಕೆ, ಕೊಬ್ಬರಿ, ಹಪ್ಪಳ, ಜುಲೈಯಲ್ಲಿ ಬೇರೆಲ್ಲೂ ಒಣಗದ ಬಟ್ಟೆ. ಅಲ್ಲೇ ಮೆಹಂದಿ, ತೊಟ್ಟಿಲು ಹಾಕುವ ಶಾಸ್ತ್ರ, ಸತ್ಯನಾರಾಯಣ ಪೂಜೆಯ ಊಟದ ಪಂಕ್ತಿ. ಮನೆಯೊಳಗಿನ ಹಾಲ್‌ನಲ್ಲಿ ಸೋಫಾ, ಶೋಕೇಸು, ಟಿವಿ ಇಟ್ಟು ಹತ್ತು ಜನಕ್ಕೆ ಜಾಗವಿಲ್ಲದಂತೆ ಮಾಡಿದ್ದೇವೆ. ಹಾಗಾಗಿ ನೂರು ಜನ ಮೇಲೆ ಹತ್ತುತ್ತಾರೆ. ಊರಿನ ಹಿರಿ ಮನೆತನಗಳ ಹಳೆ ಗುತ್ತಿನ ಮನೆಗಳಲ್ಲಿ ಚಾವಡಿ ಮಾಡುತ್ತಿದ್ದ ಕೆಲಸ ಇದೇ: ಅತಿಥಿ, ಪಂಚಾಯ್ತಿ, ಧಾನ್ಯ, ದೈವದ ಕಾರ್ಯ ಎಲ್ಲಕ್ಕೂ ಒಗ್ಗುವ, ಒಳಗೂ ಅಲ್ಲದ ಹೊರಗೂ ಅಲ್ಲದ ಜಾಗ. ಮನೆ ಕೆಡವಿದಾಗ ಚಾವಡಿ ಹೋಯಿತು ಅಂದುಕೊಂಡಿದ್ದೆವು. ಅದು ಮೆಟ್ಟಿಲು ಹತ್ತಿ ಮೇಲೆ ಕೂತಿದೆ.

ಹಾಗಂತ ಶೀಟಿನ ಮೇಲೆ ಪದ್ಯ ಬರೆಯುವ ಉತ್ಸಾಹ ನನಗಿಲ್ಲ. ಮಳೆ ಬಂದರೆ ಅದರ ಅಡಿಯಲ್ಲಿ ಫೋನಿನಲ್ಲಿ ಮಾತಾಡಲಾಗದು. ಮಧ್ಯಾಹ್ನ ಮೂರಕ್ಕೆ ಅಲ್ಲಿ ನಿಂತರೆ ನೆತ್ತಿ ಬೇಯುತ್ತದೆ. ಮುಂಗಾರು ಪೂರ್ವದ ಗಾಳಿಗೆ ಶೀಟು ಹಾರಿ ಪಕ್ಕದ ಮನೆಯ ಕಾರಿನ ಮೇಲೆ ಬಿದ್ದ ಸುದ್ದಿ ಪ್ರತಿ ಮೇ ತಿಂಗಳ ಪೇಪರಿನಲ್ಲಿ ಖಾಯಂ. ಕಂಬವನ್ನು ಸ್ಲ್ಯಾಬಿಗೆ ಹೇಗೆ ಕಚ್ಚಿಸಬೇಕು, ಎಷ್ಟು ಗಾಳಿಗೆ ಎಷ್ಟು ಬೋಲ್ಟು ಎಂಬ ಲೆಕ್ಕ ಯಾರೂ ಹಾಕುವುದಿಲ್ಲ, ಅಂದಾಜಿನ ಮೇಲೆ ನಡೆಯುತ್ತದೆ. ಇಂಜಿನಿಯರ್ ಬೇಕಾದದ್ದು ಅಲ್ಲಿ. ಅವರು ಆ ಹೊತ್ತಿಗೆ ಬೇರೆ ಮನೆಯ ತ್ರೀಡಿ ಮಾಡುತ್ತಿರುತ್ತಾರೆ.

ಹಳೆಯದನ್ನು ನೆನೆದು ಕಣ್ಣೀರಿಡುವವರಿಗೆ ಒಂದು ವಿಷಯ ನೆನಪಿಸಬೇಕು. ನಾವು 'ನಮ್ಮ ಸಾಂಪ್ರದಾಯಿಕ' ಅನ್ನುವ ಮಂಗಳೂರು ಹಂಚು ಕಾರ್ಖಾನೆಯ ಮಾಲು. ಜರ್ಮನ್ ಮಿಷನರಿ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ನೇತ್ರಾವತಿ ದಂಡೆಯ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಬಂದದ್ದು. ಒಂದಕ್ಕೊಂದು ಕಚ್ಚಿಕೊಳ್ಳುವ ಅದರ ಅಚ್ಚು ಕೂಡ ಇಲ್ಲಿಯದಲ್ಲ. ಅಂಥ ಹಂಚಿಗೆ 1841ರಲ್ಲಿ ಪೇಟೆಂಟ್ ಪಡೆದವರು ಫ್ರಾನ್ಸಿನ ಅಲ್ಸಾಸಿನ ಗಿಲಾರ್ಡೋನಿ ಸಹೋದರರು. ಅದಕ್ಕೂ ಮುಂಚೆ ನಮ್ಮ ಬಹುತೇಕ ಮನೆಗಳ ಮೇಲಿದ್ದದ್ದು ಮುಳಿಹುಲ್ಲು, ಅಡಿಕೆಯ ಸೋಗೆ, ತೆಂಗಿನ ಮಡಲು. ಹಂಚು ಬಂದಾಗ ಅದೂ ಹೊರಗಿನ ವಸ್ತುವೇ. ಬೋಳಾರ, ಹೊಯಿಗೆಬಜಾರ್, ಜೆಪ್ಪು ಎಂದು ಚಿಮಣಿಗಳು ಎದ್ದವು, ನದಿದಂಡೆಯ ಜೇಡಿಮಣ್ಣು ದೋಣಿಯಲ್ಲಿ ಬಂತು, ಅದೇ ಬಂದರಿನಿಂದ ಹಂಚು ಹಡಗು ಹತ್ತಿತು. ಇಳಿಜಾರು, ಚಾಚು, ಗಾಳಿ ಹೊರಹೋಗುವ ಸಂದು, ಒಡೆದರೆ ಒಂದನ್ನೇ ಬದಲಿಸುವ ಅನುಕೂಲ, ಈ ನಾಲ್ಕೂ ನಮ್ಮ ಮಳೆಗೆ ಹೊಂದಿದವು. ಹೊಂದಿದ್ದರಿಂದ ನಮ್ಮದಾಯಿತು.

ಹಾಗಾದರೆ ಬಿಟ್ಟದ್ದೇಕೆ? ದುಡ್ಡಿನ ಗರ್ವ ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಅದೂ ಇತ್ತು, ಮುಂಬಯಿ, ಗಲ್ಫ್ ದುಡಿಮೆ ಊರಿಗೆ ಬಂದಾಗ ತಾರಸಿ ಅದರ ಗುರುತಾಯಿತು. 1974ರ ಭೂಸುಧಾರಣೆಯ ತಿದ್ದುಪಡಿಯ ಮೇಲೆ ಗೇಣಿದಾರರು ಒಡೆಯರಾದರು, ಕೂಡುಕುಟುಂಬಗಳು ಪಾಲಾದವು, ಐದು ಸೆಂಟ್ಸ್, ಹತ್ತು ಸೆಂಟ್ಸಿನ ಜಾಗಗಳಲ್ಲಿ ಸಣ್ಣ ಮನೆಗಳು ಬೇಕಾದವು. 1982ರಲ್ಲಿ ಸಿಮೆಂಟಿನ ಮೇಲಿನ ಸರಕಾರಿ ಹಿಡಿತ ಭಾಗಶಃ ಸಡಿಲಿತು, 1989ರಲ್ಲಿ ಪೂರ್ತಿ ಹೋಯಿತು. ಪರ್ಮಿಟಿಗೆ ಕಾಯಬೇಕಾದ ಸಿಮೆಂಟು ಅಂಗಡಿಯಲ್ಲಿ ಸಿಗತೊಡಗಿತು. ಅತ್ತ ಮರ ದುಬಾರಿಯಾಯಿತು, ಹಂಚು ಹೊರುವ ಮರದ ಪಕ್ಕಾಸಿಗೆ ಗೆದ್ದಲು, ಹಂಚಿನ ಮೇಲೆ ಮಂಗಗಳ ಓಟ. ಪ್ರತಿ ಮೇ ತಿಂಗಳಲ್ಲಿ ಮಾಡು ಹತ್ತಿ ಹಂಚು ಸರಿ ಮಾಡುವ ಆಳು ಸಿಗುವುದು ನಿಂತಿತು. ಮಗ ಬೆಂಗಳೂರಿನಲ್ಲಿ, ಅಪ್ಪನಿಗೆ ಎಪ್ಪತ್ತು ವರ್ಷ. ಹಂಚಿನ ಮನೆ ಸೋತದ್ದು ವಿನ್ಯಾಸದಲ್ಲಲ್ಲ, ನೋಡಿಕೊಳ್ಳುವವರಿಲ್ಲದೆ.

ಈಗಿನ ಹೊಸ ಫ್ಯಾಷನ್ನು ನನಗೆ ಅರ್ಥವಾಗುವುದಿಲ್ಲ. ಸ್ಲ್ಯಾಬನ್ನೇ ಓರೆಯಾಗಿ ಎರೆದು ಅದರ ಮೇಲೆ ಸಿಮೆಂಟಿನಲ್ಲಿ ಹಂಚು ಅಂಟಿಸುವುದು. ನೋಡಲಿಕ್ಕೆ ಅಜ್ಜನ ಮನೆ, ಒಳಗೆ ಕಾಂಕ್ರೀಟು. ಹಂಚಿನ ಸಂದಿನಲ್ಲಿ ಗಾಳಿ ಆಡುವುದಿಲ್ಲ, ಒಡೆದರೆ ಕಿತ್ತು ಬದಲಿಸಲಿಕ್ಕೂ ಆಗುವುದಿಲ್ಲ. ಹಳೆಯದರ ಮುಖ ಮಾತ್ರ ಎರವಲು ತಂದ ಹಾಗೆ. ಇದಕ್ಕೆ ಹೋಲಿಸಿದರೆ ಕೇರಳದಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ ಹಂಚನ್ನು ಬಳಸಿದ ಬಗೆ ಎಷ್ಟು ಬುದ್ಧಿಯದ್ದು ನೋಡಿ. ಸ್ಲ್ಯಾಬಿನ ಕೆಳಭಾಗದ ಎಳೆತವನ್ನು ಹೊರುವುದು ಸರಳು, ಅಲ್ಲಿನ ಕಾಂಕ್ರೀಟಿಗೆ ಹೆಚ್ಚು ಕೆಲಸವಿಲ್ಲ. ಆ ಜಾಗದಲ್ಲಿ ಹಳೆ ಮಂಗಳೂರು ಹಂಚುಗಳನ್ನು ಜೋಡಿಸಿ ಮೇಲೆ ಕಾಂಕ್ರೀಟು ಎರೆದರೆ ಸಿಮೆಂಟೂ ಕಬ್ಬಿಣವೂ ಉಳಿಯುತ್ತವೆ, ತೂಕ ಇಳಿಯುತ್ತದೆ, ಶಾಖವೂ ಅಷ್ಟಾಗಿ ಒಳಗೆ ಬರುವುದಿಲ್ಲ. ಕೆಳಗೆ ನಿಂತು ನೋಡಿದರೆ ಸೂರಿನಲ್ಲಿ ಕೆಂಪು ಹಂಚಿನ ಸಾಲು. ಹಂಚು ಈ ಕಾಲಕ್ಕೆ ಏನು ಕೆಲಸ ಮಾಡಬಲ್ಲದು ಎಂದು ಕೇಳಿದವರು ಬೇಕರ್. ನಾವು ಹಂಚು ಹೇಗೆ ಕಾಣುತ್ತದೆ ಎಂದಷ್ಟೇ ಕೇಳುತ್ತಿದ್ದೇವೆ.

ಮಣಿಪಾಲದ ವಿಜಯನಾಥ ಶೆಣೈ ಅವರು ಬೇರೆ ದಾರಿ ಹಿಡಿದರು. ಕೆಡವಲು ಹೊರಟ ಹಳೆ ಮನೆಗಳನ್ನು ಬಿಚ್ಚಿ ತಂದು ಹಸ್ತಶಿಲ್ಪ ಪರಂಪರೆ ಗ್ರಾಮದಲ್ಲಿ ಮತ್ತೆ ನಿಲ್ಲಿಸಿದರು. ಅವರು ಹಾಗೆ ಮಾಡದಿದ್ದರೆ ಆ ಕಂಬ, ಬೋದಿಗೆಗಳೆಲ್ಲ ಎಲ್ಲೋ ಸೌದೆಯಾಗುತ್ತಿದ್ದವು. ಆದರೆ ಅಲ್ಲಿ ಯಾರೂ ಬಟ್ಟೆ ಒಣಹಾಕುವುದಿಲ್ಲ. ನಾನು ಕೇಳುತ್ತಿರುವುದು ಒಣಹಾಕುವ ಮನೆಗಳ ಬಗ್ಗೆ.

ಗೋಡೆಗೂ ಮಾಡಿನದೇ ಗತಿ. ಕೆಂಪುಕಲ್ಲು, ಕೆಲವರ ಬಾಯಲ್ಲಿ ಮುರಕಲ್ಲು. ಈ ಕಲ್ಲಿಗೆ 'ಲ್ಯಾಟರೈಟ್' ಎಂಬ ಹೆಸರಿಟ್ಟವನು ನಮ್ಮ ಸೀಮೆಯನ್ನೂ ಸುತ್ತಿದ್ದ ಸ್ಕಾಟಿಷ್ ವೈದ್ಯ ಫ್ರಾನ್ಸಿಸ್ ಬುಕಾನನ್. ಮಲಬಾರಿನ ಅಂಗಡಿಪುರಂನಲ್ಲಿ ನೋಡಿ 1807ರಲ್ಲಿ ಅಚ್ಚಿನಲ್ಲಿ ದಾಖಲಿಸಿದ. ಇಟ್ಟಿಗೆಯ ಲ್ಯಾಟಿನ್ ಪದದಿಂದ ಬಂದ ಹೆಸರು, ಏಕೆಂದರೆ ನೆಲದಿಂದ ಕಡಿಯುವಾಗ ಮೆತ್ತಗಿದ್ದು ಗಾಳಿ ತಾಗಿದ ಮೇಲೆ ಗಟ್ಟಿಯಾಗುವ ಇದು ನೆಲವೇ ಮಾಡಿಕೊಟ್ಟ ಇಟ್ಟಿಗೆ. 2025ರ ಮಳೆಗಾಲದಲ್ಲಿ ದಕ್ಷಿಣ ಕನ್ನಡದಲ್ಲಿ ಕೆಂಪುಕಲ್ಲು ಸಿಗದೆ, ಮರಳೂ ಸಿಗದೆ ಕಟ್ಟಡದ ಕೆಲಸ ನಿಂತು ಮೇಸ್ತ್ರಿ, ಆಳುಗಳು ಕೈಕಟ್ಟಿ ಕೂತರು, ಪ್ರತಿಭಟನೆಗಳಾದವು. ಪರವಾನಗಿಯಿಲ್ಲದ ಕೋರೆಗಳ ಮೇಲೆ ಕ್ರಮ ಆಗಬೇಕಾದದ್ದೇ. ಗುಡ್ಡದ ನೆತ್ತಿಯಲ್ಲಿ ಬಾಯಿ ತೆರೆದು ಬಿಟ್ಟುಹೋದ ಹೊಂಡಗಳನ್ನು ನೋಡಿದವರು ಅದನ್ನು ಬೇಡವೆನ್ನಲಾರರು. ಆದರೆ ಆ ತಿಂಗಳುಗಳಲ್ಲಿ ಒಂದು ವಿಷಯ ಸ್ಪಷ್ಟವಾಯಿತು: ಒಂದು ಜಿಲ್ಲೆಯ ಮನೆಗಳ ಅಳತೆ, ಮೇಸ್ತ್ರಿಯ ಕೈಗುಣ, ಕೂಲಿಯ ಲೆಕ್ಕ ಎಲ್ಲವೂ ಒಂದು ಕಲ್ಲಿನ ಸುತ್ತ ಹೆಣೆದುಕೊಂಡಿವೆ. ಅದು ನಿಂತಾಗ ಸಿಮೆಂಟ್ ಬ್ಲಾಕಿಗೆ ಹೋದವರು ಹಿಂದೆ ಬರುವುದು ಖಾತ್ರಿಯಿಲ್ಲ. ಇನ್ನು ಹತ್ತು ವರ್ಷಕ್ಕೆ ನಮ್ಮ ಬೀದಿಗಳ ಬಣ್ಣ ಯಾವುದು ಎಂದು ಗಣಿ ಇಲಾಖೆಯ ಕಡತವೊಂದು ತೀರ್ಮಾನಿಸಿದರೂ ಆಶ್ಚರ್ಯವಿಲ್ಲ.

ಈಗ ಮಾಡಿನಿಂದ ಇಳಿದು ಅಂಗಳಕ್ಕೆ ಬರೋಣ. ಮಾಡಿನ ತಿದ್ದುಪಡಿ ಊರಿಗೆ ಒಳ್ಳೆಯದಾದರೆ ಅಂಗಳದ್ದು ಅಷ್ಟೇ ಕೆಟ್ಟದ್ದು. ಸೆಗಣಿ ಸಾರಿಸುತ್ತಿದ್ದ ಅಂಗಳಕ್ಕೆ ಎಲ್ಲ ಕಡೆ ಇಂಟರ್‌ಲಾಕ್, ಅಂದರೆ ಒಂದಕ್ಕೊಂದು ಕಚ್ಚಿಕೊಳ್ಳುವ ಸಿಮೆಂಟಿನ ಬಿಲ್ಲೆ, ಬಂತು. ಕೆಸರಿಲ್ಲ, ಹುಲ್ಲು ಕೀಳುವ ಕೆಲಸವಿಲ್ಲ, ಕಾರು ಒಳಗೆ ಬರುತ್ತದೆ, ಅಜ್ಜಿ ಜಾರಿ ಬೀಳುವುದಿಲ್ಲ. ಒಬ್ಬೊಬ್ಬರ ಮಟ್ಟಿಗೆ ಸರಿಯಾದ ತೀರ್ಮಾನ. ಆದರೆ ಒಂದು ಕೇರಿಯ ಐವತ್ತು ಅಂಗಳ ಇಂಟರ್‌ಲಾಕ್ ಆದಾಗ, ಮುಂಚೆ ಮಣ್ಣಿಗೆ ಇಳಿದು ಬಾವಿಗೆ ಸೇರುತ್ತಿದ್ದ ನೀರು ಗೇಟಿನ ಅಡಿಯಿಂದ ರಸ್ತೆಗೆ ಬರುತ್ತದೆ. ರಸ್ತೆಯೂ ಕಾಂಕ್ರೀಟು, ಮೊದಲಿಗಿಂತ ಎತ್ತರ. ಹಳೆ ಪೇಟೆಗಳಲ್ಲಿ ಮೂರು ಮೆಟ್ಟಿಲು ಹತ್ತಿ ಹೋಗುತ್ತಿದ್ದ ಅಂಗಡಿಗೆ ಈಗ ಒಂದು ಮೆಟ್ಟಿಲು ಇಳಿದು ಹೋಗಬೇಕು. ಅಂಗಡಿಯವರು ಬಾಗಿಲಿಗೆ ಅಡ್ಡಲಾಗಿ ಒಂದಡಿ ಗೋಡೆ ಕಟ್ಟಿ, ಗಿರಾಕಿಗಳು ಅದನ್ನು ದಾಟಿ ಬರಲಿ ಎಂದು ಎರಡು ಕಲ್ಲು ಇಟ್ಟಿರುತ್ತಾರೆ. ಇದೂ ಒಂದು ತಿದ್ದುಪಡಿ.

ಈ ನೀರು ಎಲ್ಲಿಗೆ ಹೋಗುತ್ತದೆ ಎಂಬುದು ಊರಿನ ಹೆಸರುಗಳಲ್ಲೇ ಬರೆದಿದೆ. ಮಂಗಳೂರು ಎಂದರೆ ಗುಡ್ಡೆ, ಎತ್ತರದ ಬಯಲಾದ ಪದವು, ತಗ್ಗಿನ ಬೈಲು. ಬಾವುಟಗುಡ್ಡೆ, ಪದವಿನಂಗಡಿ, ಕೊಡಿಯಾಲ್‌ಬೈಲ್. ಪದವಿನ ಕೆಂಪುಕಲ್ಲು ಸ್ಪಂಜಿನ ಹಾಗೆ ಮಳೆ ಕುಡಿದು ನಿಧಾನಕ್ಕೆ ಬೈಲಿಗೆ ಬಿಡುತ್ತಿತ್ತು. ಬೈಲಿನಲ್ಲಿ ಗದ್ದೆ, ಗದ್ದೆಯಲ್ಲಿ ಜೂನ್‌ನಿಂದ ನೀರು ನಿಲ್ಲುವುದು ಸಮಸ್ಯೆಯಲ್ಲ, ಬೇಕಾದದ್ದೇ. ಆ ಗದ್ದೆಯನ್ನು ಕನ್ವರ್ಷನ್ ಮಾಡಿ ಮಣ್ಣು ತುಂಬಿ ಅಪಾರ್ಟ್‌ಮೆಂಟ್ ಎಬ್ಬಿಸಿದ ಮೇಲೂ ನೀರಿಗೆ ಹಳೆ ವಿಳಾಸವೇ ಗೊತ್ತು. 2018ರ ಮೇ 29ರಂದು ಮಂಗಳೂರಿನ ತಗ್ಗು ಪ್ರದೇಶಗಳು ಮುಳುಗಿ ಜನ ಹೌಹಾರಿದರು. ಕೊಟ್ಟಾರ ಚೌಕಿಯ ಹೆಸರು ಮಳೆಗಾಲದ ಸುದ್ದಿಯಲ್ಲಿ ಬರುವುದಂತೂ ವಾಡಿಕೆ. ಉಡುಪಿಯಲ್ಲಿ 2020ರ ಸೆಪ್ಟೆಂಬರ್ 20ರಂದು ಕಲ್ಸಂಕ, ಕೃಷ್ಣಮಠದ ಪಾರ್ಕಿಂಗ್ ಕಡೆಯೆಲ್ಲ ನೀರು. ಕಲ್ಸಂಕ ಎಂದರೇನು? ಕಲ್ಲಿನ ಸಂಕ. ಹೊಳೆಯೊಂದನ್ನು ದಾಟಲು ಹಾಕಿದ ಕಿರುಸೇತುವೆ. ಆ ಹೊಳೆ ಇಂದ್ರಾಣಿ. ಈಗ ಅದು ಊರಿನ ಕೊಳಚೆ ಹೊತ್ತು ಸಾಗುವ ತೋಡು. ಸಂಕದ ಹೆಸರು ಜಂಕ್ಷನ್ನಿಗೆ ಬಂತು, ಹೊಳೆಯ ನೆನಪು ಮಳೆಗಾಲದಲ್ಲಿ ಮಾತ್ರ ಬರುತ್ತದೆ.

ಇಷ್ಟೆಲ್ಲ ಮಳೆಯ ಮಂಗಳೂರಿಗೆ 2019ರಲ್ಲೂ 2023ರಲ್ಲೂ ಬೇಸಿಗೆಯ ಕೊನೆಗೆ, ಊರಿಗೆ ಕುಡಿಯುವ ನೀರು ಕೊಡುವ ತುಂಬೆ ಅಣೆಕಟ್ಟಿನ ನೀರು ಇಳಿದು ರೇಷನಿಂಗ್ ಬಂತು.

ನಡುವೆ ಒಂದು ಮಾತು. ಕರಾವಳಿಯಲ್ಲಿ ಜೆಸಿಬಿ ತಾನಾಗಿ ನಿಲ್ಲುವ ಒಂದೇ ಜಾಗ ನಾಗಬನ, ನಾಗನಿಗೆ ಬಿಟ್ಟ ಮರಗಳ ತೋಪು. ಬಡಾವಣೆಯ ರಸ್ತೆ ಅದನ್ನು ಬಳಸಿ ಹೋಗುತ್ತದೆ, ಅಪಾರ್ಟ್‌ಮೆಂಟಿನ ಪ್ಲ್ಯಾನು ಅದರ ಮುಂದೆ ಬಾಗುತ್ತದೆ. ಯಾವ ಪ್ರಾಧಿಕಾರದ ಯಾವ ವಲಯ ನಿಯಮಕ್ಕೂ ಆ ಶಕ್ತಿಯಿಲ್ಲ. ಬೇಸರವೆಂದರೆ ಹಾಗೆ ಉಳಿದ ಬನದ ಮರ ಕಡಿದು ನೆಲಕ್ಕೆ ಗ್ರಾನೈಟ್ ಹಾಕಿ ಸ್ಟೀಲಿನ ಬೇಲಿ ಕಟ್ಟುವ 'ಜೀರ್ಣೋದ್ಧಾರ' ಈಚೆಗೆ ಹೆಚ್ಚಾಗಿದೆ. ಅಂಗಳದ ಇಂಟರ್‌ಲಾಕ್ ಬುದ್ಧಿ ದೇವರ ತನಕ ಹೋಗಿದೆ.

ಬೀದಿಯ ಕತೆಗೆ ಬಂದರೆ ಮೊದಲು ಕಟ್ಟೆ. ಮಂಗಳೂರಿನ ಹೃದಯದಂತಿರುವ ಹಂಪನಕಟ್ಟೆಗೆ ಆ ಹೆಸರು ಬಂದದ್ದು ಅಪ್ಪಣ್ಣ ಎಂಬವನು ದಾರಿಹೋಕರಿಗೆ ನೀರು ಕೊಡುತ್ತಿದ್ದ ಕಟ್ಟೆಯಿಂದ ಎಂದು ಊರಿನವರು ಹೇಳುತ್ತಾರೆ. ಕೆಲವು ವರ್ಷದ ಹಿಂದೆ ಅಲ್ಲೇ ರಸ್ತೆ ಅಗೆಯುವಾಗ ಹಳೆ ಬಾವಿಯೊಂದು ಬಾಯಿ ತೆರೆಯಿತು. ಕತೆಗೆ ಸಾಕ್ಷಿ ಸಿಕ್ಕಿತೆಂದು ಜನ ಖುಷಿಪಟ್ಟರು. ನೆರಳು, ನೀರು, ಕೂರಲು ಮೊಣಕಾಲೆತ್ತರದ ಕಲ್ಲು: ನಗರ ವಿನ್ಯಾಸದ ಪಾಠ ಅಷ್ಟರಲ್ಲೇ ಮುಗಿಯುತ್ತದೆ. ಇವತ್ತು ಹಂಪನಕಟ್ಟೆಯಲ್ಲಿ ಬಸ್ಸಿಗೆ ಕಾಯುವ ಹೆಂಗಸಿಗೆ ಈ ಮೂರರಲ್ಲಿ ಎಷ್ಟು ಸಿಗುತ್ತದೆ ಎಂದು ಒಂದು ಮಧ್ಯಾಹ್ನ ನಿಂತು ನೋಡಬಹುದು.

ಒಳದಾರಿಗಳಲ್ಲಿ ಹೋದರೆ ಹಳೆ ತಂಗುದಾಣಗಳು ಸಿಗುತ್ತವೆ, ಯಾರೋ ತೀರಿಕೊಂಡವರ ಸ್ಮರಣಾರ್ಥ ಮಕ್ಕಳು ಕಟ್ಟಿಸಿದ್ದು. ಮೂರು ಕಡೆ ಕೆಂಪುಕಲ್ಲಿನ ಗೋಡೆ, ಗೋಡೆಗೆ ಹೊಂದಿ ಸಿಮೆಂಟಿನ ಬೆಂಚು, ಮುಂದಕ್ಕೆ ಚಾಚಿದ ಹಂಚಿನ ಮಾಡು. ಒಳಗೆ ವೀಳ್ಯದ ಉಗುಳು, ನಾಟಕದ ಪೋಸ್ಟರು, ಮಲಗಿದ ನಾಯಿ ಇರುತ್ತವೆ ನಿಜ. ಆದರೆ ಜುಲೈಯ ಮಳೆಯಲ್ಲಿ ಒಳಗೆ ನಿಂತವರ ಚೀಲ ಒದ್ದೆಯಾಗುವುದಿಲ್ಲ. ಪೇಟೆಯಲ್ಲಿ ಕಾಣುವ ಹೊಸ ಮಾದರಿಯದ್ದಕ್ಕೆ ಸ್ಟೀಲಿನ ನಾಲ್ಕು ಕಂಬ, ಎತ್ತರದಲ್ಲೊಂದು ಕಿರಿದಾದ ಮಾಡು, ಬೆನ್ನಿಗೆ ಜಾಹೀರಾತಿನ ಹಲಗೆ. ಅಂಥ ಒಂದರಡಿ ನಾನೂ ನಿಂತಿದ್ದೇನೆ. ಕೊಡೆ ಬಿಡಿಸಿಯೇ ನಿಂತಿದ್ದೆ, ಪಕ್ಕದಲ್ಲಿದ್ದ ಮೀನಿನ ಬುಟ್ಟಿಯ ಅಮ್ಮ "ಇದು ಫೋಟೋಕ್ಕೆ ಕಟ್ಟಿದ್ದು ಮಾರಾಯ್ರೆ" ಅಂದರು. ಜಾಹೀರಾತು ಮಾತ್ರ ಒಣಗಿತ್ತು.

ಮಂಗಳೂರು 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು, 2025ರ ಮಾರ್ಚಿಗೆ ಆ ಯೋಜನೆ ದೇಶದಾದ್ಯಂತ ಮುಗಿಯಿತು. ಆ ಅವಧಿಯಲ್ಲಿ ಹಿಂದೆ ಕೆಡವಿದ್ದ ಗಡಿಯಾರ ಗೋಪುರ ಮತ್ತೆ ಎದ್ದಿತು, ರಸ್ತೆಗಳು ಕಾಂಕ್ರೀಟಾದವು. ಅದರ ಲೆಕ್ಕಪತ್ರ ಬೇರೆಯವರು ಮಾಡಲಿ. ನನ್ನ ಗಮನ ಹೋಗುವುದು ಜನ ಊರನ್ನು ಕರೆಯುವ ರೀತಿಗೆ. ಸಿಟಿ ಬಸ್ಸುಗಳ ಬೋರ್ಡಿನಲ್ಲಿ ಈಗಲೂ 'ಸ್ಟೇಟ್‌ಬ್ಯಾಂಕ್'. ಥಿಯೇಟರ್ ಬಾಗಿಲು ಹಾಕಿದರೂ ಕಂಡಕ್ಟರ್ ಕೂಗುವುದು 'ಜ್ಯೋತಿ ಜ್ಯೋತಿ'. ಪಂಪ್‌ವೆಲ್‌ನಲ್ಲಿ ವರ್ಷಗಟ್ಟಲೆ ಕಾದು 2020ರ ಜನವರಿ ಕೊನೆಗೆ ಫ್ಲೈಓವರ್ ತೆರೆಯಿತು, ಹೆಸರು ಮಾತ್ರ ಇನ್ನೂ ಪಂಪು ಮತ್ತು ಬಾವಿಯದ್ದೇ. ವೃತ್ತಗಳಿಗೆ ಸಭೆಯಲ್ಲಿ ಇಟ್ಟ ಹೆಸರುಗಳು ಫಲಕದಲ್ಲಿವೆ, ಬಾಯಲ್ಲಿಲ್ಲ. ಜನರ ತಲೆಯೊಳಗಿನ ನಕ್ಷೆಯಲ್ಲಿರುವುದು ಅವರು ದಿನಾ ನಿಂತ, ಇಳಿದ, ಕುಡಿದ, ಕಾದ ಜಾಗಗಳು. ತಂಗುದಾಣ ಎಲ್ಲಿರಬೇಕು, ನಡೆಯುವ ದಾರಿ ಎಲ್ಲಿಂದ ಎಲ್ಲಿಗೆ ಇರಬೇಕು ಎಂದು ತೀರ್ಮಾನಿಸುವವರು ಕಂಡಕ್ಟರುಗಳ ಜೊತೆ ಒಂದು ವಾರ ಸುತ್ತಿದರೆ ಅರ್ಧ ಸರ್ವೆ ಮುಗಿದಂತೆ.

ಉಡುಪಿಯ ರಥಬೀದಿ ಇದಕ್ಕೆ ಒಳ್ಳೆಯ ನಿದರ್ಶನ. ಆ ಬೀದಿಯ ಅಗಲವನ್ನು ನಿರ್ಧರಿಸಿದ್ದು ತೇರು. ಮಕರ ಸಂಕ್ರಾಂತಿಯ ಮೂರು ತೇರು ಮೂಲೆಗಳಲ್ಲಿ ತಿರುಗಬೇಕು, ಎಳೆಯುವವರಿಗೂ ನೋಡುವವರಿಗೂ ಎಡೆ ಬೇಕು, ಯಾವ ಮನೆಯ ಸೂರೂ ಅಡ್ಡ ಬರಬಾರದು. ವರ್ಷದ ಕೆಲವೇ ದಿನದ ಆ ಅಗತ್ಯ ಉಳಿದೆಲ್ಲ ದಿನ ಊರಿಗೆ ನಡೆಯಲು, ಕೂರಲು, ಹರಟಲು ಜಾಗ ಕೊಟ್ಟಿತು. ಸುತ್ತಲಿನ ಮಠಗಳ ಜಗಲಿಗಳು ಅದಕ್ಕೆ ಅಂಚು ಕಟ್ಟಿದವು. ಎರಡು ವರ್ಷಕ್ಕೊಮ್ಮೆ ಪರ್ಯಾಯ, ಅಂದರೆ ಕೃಷ್ಣನ ಪೂಜೆಯ ಸರದಿ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವುದು. 2026ರ ಜನವರಿ 18ರಂದು ಶಿರೂರು ಮಠದ್ದಾಯಿತು. ಅದಕ್ಕೆ ಮುಂಚೆ ಕಟ್ಟಿಗೆ ಮುಹೂರ್ತವಾಗಿ ಮಧ್ವ ಸರೋವರದ ಬಳಿ ಕಟ್ಟಿಗೆ ರಥ ಏಳುತ್ತದೆ. ಅಡುಗೆಗೆ ಬೇಕಾದ ಸೌದೆ ಅದು. ಒಟ್ಟಿ ಇಡಲೇಬೇಕು, ಮಳೆಗೆ ಬೀಳದ ಹಾಗೆ ಒತ್ತಾಗಿ ಒಟ್ಟಬೇಕು. ಒಟ್ಟುವುದನ್ನೇ ತೇರಿನ ಆಕಾರದಲ್ಲಿ ಒಟ್ಟಿದರು. ಅಡುಗೆಮನೆಯ ಉಗ್ರಾಣವೇ ಊರಿನ ಗುರುತಾಯಿತು. ಆಮೇಲೆ ಅದನ್ನು ಸುಟ್ಟು ಉಂಡು ಮುಗಿಸುತ್ತಾರೆ. ಇದಕ್ಕಿಂತ ಚಂದದ ವಾಸ್ತುಶಿಲ್ಪವನ್ನು ನಾನು ನಮ್ಮ ಜಿಲ್ಲೆಯಲ್ಲಿ ನೋಡಿಲ್ಲ.

ನಿಯಮ ಮಾಡುವವರು ಏನು ಮಾಡಬಹುದು ಎಂದು ಕೇಳಿದರೆ ನನ್ನ ಆಸೆಗಳು ಸಣ್ಣವು. ಕಟ್ಟಡದ 'ಮಾದರಿ' ಬೆಂಗಳೂರಿನಿಂದ ಬರುತ್ತದೆ, ಅಲ್ಲಿ ನಮ್ಮ ಕಾಲು ಭಾಗದಷ್ಟೇ ಮಳೆ. ಕರಾವಳಿಯ ಲೈಸೆನ್ಸ್ ನಕ್ಷೆಯಲ್ಲಿ ಇಳಿಜಾರು ಮಾಡು ಮೊದಲೇ ಇರಲಿ. ಆಮೇಲೆ ಕದ್ದು ಸೇರಿಸುವ ವಸ್ತುವಾಗಿ ಅಲ್ಲ, ಲೆಕ್ಕ ಹಾಕಿ ಬೋಲ್ಟು ಹಾಕಿದ್ದಾಗಿ. ಮನೆಯ ಸುತ್ತ ಖಾಲಿ ಬಿಡಬೇಕಾದ ಸೆಟ್‌ಬ್ಯಾಕಿನೊಳಗೆ ಮೂರಡಿ ಚಾಚಿಗೆ ಅವಕಾಶವಿರಲಿ, ಪಡುವಣ ಗೋಡೆಗಾದರೂ. ಅಂಗಳದಲ್ಲಿ ಅರ್ಧ ಮಣ್ಣೇ ಉಳಿಸಿದವರಿಗೆ ಮನೆ ತೆರಿಗೆಯಲ್ಲಿ ಸ್ವಲ್ಪ ಕಡಿತ ಕೊಡಲಿ. ರಸ್ತೆಗೆ ಮತ್ತೆ ಕಾಂಕ್ರೀಟು ಹಾಕುವಾಗ ಪಕ್ಕದ ಅಂಗಡಿಯ ಹೊಸ್ತಿಲಿನ ಮಟ್ಟ ಮೊದಲು ಅಳೆಯಲಿ. ಅದಕ್ಕೆ ಸ್ಮಾರ್ಟ್ ಏನೂ ಬೇಡ, ನೀರು ತುಂಬಿದ ಒಂದು ಟ್ಯೂಬು ಸಾಕು.

ದೊಡ್ಡಮ್ಮನ ಮನೆಯ ಕೆಲಸ ಐದು ದಿನ ನಡೆಯಿತು. ಹುಡುಗ ಪಡುವಣಕ್ಕೆ ಮೂರಡಿ ಚಾಚು ಬಿಟ್ಟ, ಉಳಿದ ಕಡೆ ಒಂದೂವರೆ. ನೆತ್ತಿಯ ಎರಡು ತುದಿಯಲ್ಲಿ ಬಿಸಿ ಹೊರಹೋಗಲಿ ಎಂದು ಮುಚ್ಚದೆ ಬಲೆ ಹೊಡೆದ. ಕೊನೆಯ ದಿನ ಪಕ್ಕದ ಮನೆಯವರು ಬಂದು, ಶೀಟಿನ ನೀರು ತಮ್ಮ ಕಾಂಪೌಂಡಿಗೆ ಬಿದ್ದರೆ ಆಗಲಿಕ್ಕಿಲ್ಲ ಅಂದರು. "ದಂಬೆ ಹಾಕುವಾ ಅಮ್ಮ, ಬಾವಿಗೇ ಬಿಡುವಾ" ಎಂದ ಹುಡುಗ. ದಂಬೆ ಎಂದರೆ ಮಾಡಿನ ಅಂಚಿನಲ್ಲಿ ನೀರು ಹಿಡಿಯುವ ದೋಣಿ. ನಾನು ಕೂತು ಲೆಕ್ಕ ಮಾಡಿದೆ. ನೂರು ಚದರ ಮೀಟರಿನ ಮಾಡು, 3,500 ಮಿಲಿಮೀಟರ್ ಮಳೆ, 3.5 ಲಕ್ಷ ಲೀಟರ್. ನಗರದ ಲೆಕ್ಕದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಹಿಡಿದರೂ ನಾಲ್ಕು ಜನಕ್ಕೆ ಒಂದೂವರೆ ವರ್ಷಕ್ಕೂ ಮಿಕ್ಕಿದ ನೀರು. ಅಷ್ಟನ್ನೂ ಹಿಡಿದಿಡಲು ಆಗದು, ಆದರೆ ಬಾವಿಗೆ ಬಿಟ್ಟರೆ ಸ್ವಲ್ಪವಾದರೂ ನೆಲದಲ್ಲಿ ನಿಂತೀತು. ದೊಡ್ಡಮ್ಮನಿಗೆ ಲೆಕ್ಕ ಹೇಳಿದೆ. ಅವರು ಕೇಳಿಸಿಕೊಂಡು, ಪೈಪಿನ ಬಾಯಿಗೆ ಹಳೆ ಸೊಳ್ಳೆಪರದೆಯ ತುಂಡು ಮಡಚಿ ಕಟ್ಟುತ್ತಾ ಅಂದರು, "ಮೊದಲ ಎರಡು ಮಳೆ ತೆಂಗಿನ ಬುಡಕ್ಕೆ ಹೋಗಲಿ. ಶೀಟಿನ ಎಣ್ಣೆಯೆಲ್ಲ ತೊಳೆದು ಹೋದ ಮೇಲೆ ಬಾವಿಗೆ ತಿರುಗಿಸ್ತೇನೆ."